ಮನೆಯ ಸ್ಟೀರಿಯೊಗೆ ಕೇಬಲ್ ನಾವೇ ಮಾಡಿಕೊಂಡರೆ ಆಗುತ್ತಾ? ಒಂದು ಕಡೆ 8 ಮೀಟರ್ ಎಳೆಯಬೇಕು

ತುಂಗೆಯ ದಡ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಕಾಲದ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಮನೆಯಲ್ಲಿತ್ತು. ಹೊಸ ಕೆಪಾಸಿಟರ್, ಹೊಸ ಮೂರು ಪಿನ್ ವೈರ್ ಹಾಕಿಸಿದ ಮೇಲೆ ಚೆನ್ನಾಗಿ ಹಾಡುತ್ತಿದೆ. ಸ್ಪೀಕರ್ ಮಾತ್ರ ಈಗ ತಗೊಂಡಿದ್ದು. ಹಿಂದೆ 4 ಓಮ್ ಅಂತ ಬರೆದಿದೆ. ಆಂಪ್ಲಿಫೈಯರ್ ಟಿವಿ ಪಕ್ಕದಲ್ಲಿದೆ. ಒಂದು ಸ್ಪೀಕರ್‌ಗೆ 3 ಮೀಟರ್ ವೈರ್ ಸಾಕು. ಇನ್ನೊಂದಕ್ಕೆ ಬಾಗಿಲಿನ ಚೌಕಟ್ಟು ಸುತ್ತಿಸಿಕೊಂಡು ಹೋಗಬೇಕು, ಅಳೆದರೆ 8 ಮೀಟರ್ ಆಯಿತು. ಸದ್ಯಕ್ಕೆ ಸ್ಪೀಕರ್ ಡಬ್ಬದಲ್ಲೇ ಬಂದ ತೆಳು ವೈರಿಗೆ ಇನ್ನೊಂದು ತುಂಡು ಸೇರಿಸಿ, ಟೇಪ್ ಸುತ್ತಿ ನಡೆಸುತ್ತಿದ್ದೇನೆ.

ಅಂಗಡಿಯಲ್ಲಿ ಸ್ಪೀಕರ್ ವೈರ್ ಮತ್ತು ಟಿವಿ ಬಾಕ್ಸ್‌ನಿಂದ ಆಂಪ್ಲಿಫೈಯರ್‌ಗೆ ಸದ್ದು ತರುವ ಒಂದು ಆರ್‌ಸಿಎ ಕೇಬಲ್ ಕೇಳಿದೆ. ಎರಡೂ ಸೇರಿ ಅವರು ಹೇಳಿದ ರೇಟಿಗೆ ಇನ್ನೊಂದು ಜೊತೆ ಸಣ್ಣ ಸ್ಪೀಕರ್ರೇ ಬರುತ್ತೆ. ಸುಮ್ನೆ ಎದ್ದು ಬಂದೆ. ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿದವಳು, ಸೋಲ್ಡರಿಂಗ್ ಕೈಗೆ ಹೊಸದಲ್ಲ. ನಾನೇ ಮಾಡಿಕೊಳ್ಳೋಣ ಅಂತಿದ್ದೇನೆ. ಮನೆ ವೈರಿಂಗಿಗೆ ಹಾಕುವ ವೈರನ್ನೇ ಸ್ಪೀಕರ್‌ಗೆ ಹಾಕಬಹುದಾ? ಎಷ್ಟು ದಪ್ಪದ್ದು? ಎರಡೂ ಕಡೆ ಒಂದೇ ಉದ್ದ ಇರಲೇಬೇಕಾ? ಆರ್‌ಸಿಎ ಕೇಬಲ್‌ಗೆ ಯಾವ ವೈರ್ ಒಳ್ಳೆಯದು?

ಇನ್ನೊಂದು ವಿಷಯ. ಕೇಬಲ್ ಟಿವಿ ಬಾಕ್ಸ್‌ನಿಂದ ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಸಣ್ಣಗೆ ಗುಂಯ್ ಅನ್ನುತ್ತೆ. ಮೊಬೈಲ್‌ನಿಂದ ಹಾಡು ಹಾಕಿದಾಗ ಆ ಸದ್ದು ಇಲ್ಲ. ಒಳ್ಳೆ ಕೇಬಲ್ ಹಾಕಿದರೆ ಹೋಗುತ್ತಾ?

ಹೈಫೈ ಹುಚ್ಚ, ಬೆಂಗಳೂರು:

ಮೇಡಂ, ದಯವಿಟ್ಟು ಮನೆ ವೈರಿಂಗ್ ವೈರ್ ಹಾಕಬೇಡಿ. ಅದು ಕರೆಂಟಿಗೆ ಅಂತ ಮಾಡಿದ್ದು, ಹಾಡಿಗಲ್ಲ. ಆಕ್ಸಿಜನ್ ಫ್ರೀ ತಾಮ್ರದ್ದೇ ತಗೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಎರಡೂ ಕಡೆ ಅಳತೆ ಒಂದೇ ಇರಲಿ. ಇಲ್ಲದಿದ್ದರೆ ದೂರದ ಸ್ಪೀಕರ್ ಸದ್ದು ತಡವಾಗಿ ಬಂದು ಸ್ಟೀರಿಯೊ ಇಮೇಜ್ (ಯಾವ ವಾದ್ಯ ಯಾವ ಕಡೆಯಿಂದ ಕೇಳುತ್ತೆ ಅನ್ನುವುದು) ಕೆಡುತ್ತೆ. ನಾನು ಕೇಬಲ್ ಬದಲಾಯಿಸಿದ ಮೇಲೆ ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತಿದೆ. ಕಿವಿ ಇದ್ದವರಿಗೆ ಗೊತ್ತಾಗುತ್ತೆ.

ಮೈಕ್‌ಸೆಟ್, ತಿಪಟೂರು:

ಮೇಡಂ, ತಿಪಟೂರಿನಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ. ಅಪ್ಪ ಶುರು ಮಾಡಿದ್ದು. ತೆಂಗಿನ ಮರಕ್ಕೆ ಹಾರನ್ ಕಟ್ಟುತ್ತಿದ್ದ ಕಾಲದಿಂದ ಡಿಜೆ ಕಾಲದವರೆಗೆ ನಮ್ಮ ಮನೆಯವರು ವೈರ್ ಎಳೆದುಕೊಂಡೇ ಬಂದಿದ್ದೇವೆ. ಜಾತ್ರೆಯಲ್ಲಿ ಸ್ಪೀಕರ್ ಕರಕರ ಅಂದರೆ ನಾವು ಮೊದಲು ಹಿಡಿದು ಅಲ್ಲಾಡಿಸುವುದು ಪ್ಲಗ್ಗನ್ನು. ವೈರು ನಡುವೆ ಕೆಡುವುದು ಅಪರೂಪ, ಕೆಡುವುದೆಲ್ಲ ತುದಿಯಲ್ಲಿ. ಅದಕ್ಕೇ ನಾನು ಹೇಳುವುದು, ದುಡ್ಡನ್ನು ಪ್ಲಗ್ಗಿಗೆ ಹಾಕಿ, ಹೊತ್ತನ್ನು ಸೋಲ್ಡರಿಂಗ್‌ಗೆ ಹಾಕಿ. ವೈರು ಎಲೆಕ್ಟ್ರಿಕಲ್ ಅಂಗಡಿಯದೇ ಸಾಕು. ಮೊದಲು ಆ ಟೇಪ್ ಸುತ್ತಿದ ಜಾಯಿಂಟ್ ಕಿತ್ತು ಬಿಸಾಕಿ.

ದಪ್ಪದ ಲೆಕ್ಕ ಸುಲಭ. ಓಮ್ ಅಂದರೆ ಕರೆಂಟಿಗೆ ಆಗುವ ಅಡ್ಡಿಯ (ರೆಸಿಸ್ಟೆನ್ಸ್) ಅಳತೆ, ವೈರಿನಲ್ಲಿ ಅದು ಕಮ್ಮಿ ಇದ್ದಷ್ಟೂ ಒಳ್ಳೇದು. 8 ಮೀಟರ್ ಅಂದರೆ ಹೋಗಿ ಬರಲು 16 ಮೀಟರ್ ತಾಮ್ರ. ಅರ್ಧ ಸ್ಕ್ವೇರ್ ಎಂಎಂ (ತಾಮ್ರದ ಅಡ್ಡಕೊಯ್ತದ ಅಳತೆ) ಮಲ್ಟಿಸ್ಟ್ರಾಂಡ್, ಅಂದರೆ ಹಲವು ಸಣ್ಣ ಎಳೆಗಳ ವೈರು ಸಾವಿರ ಮೀಟರಿಗೆ 39 ಓಮ್ ತೋರಿಸುತ್ತೆ. ಡಬ್ಬದಲ್ಲಿ ಬರುವ ವೈರು ಹೆಚ್ಚು ಕಡಿಮೆ ಅಷ್ಟೇ, ಕೆಲವು ಸಲ ಅದಕ್ಕಿಂತ ತೆಳು. 16 ಮೀಟರಿಗೆ 0.62 ಓಮ್ ಆಯಿತು. ನಿಮ್ಮ ಸ್ಪೀಕರ್ ಇರುವುದೇ 4 ಓಮ್, ಅದರಲ್ಲಿ ನೂರಕ್ಕೆ 15ರಷ್ಟು ವೈರಿನ ಪಾಲು. ಇದು ಕಿವಿಗೆ ಗೊತ್ತಾಗುತ್ತೆ. ಸದ್ದು ಇಳಿಯುವುದಷ್ಟೇ ಅಲ್ಲ, ಬಾಸ್ ಸಡಿಲ ಆಗುತ್ತೆ. ಒಂದೂವರೆ ಸ್ಕ್ವೇರಿಗೆ ಸಾವಿರ ಮೀಟರಿಗೆ 13.3 ಓಮ್, ನಿಮ್ಮ ಅಳತೆಗೆ 0.21. ಎರಡೂವರೆ ಸ್ಕ್ವೇರಿಗೆ ಸುಮಾರು 8 ಓಮ್, ನಿಮಗೆ 0.13. ಸ್ಪೀಕರ್ ಓಮಿನ ನೂರಕ್ಕೆ 5ರ ಒಳಗೆ ಇದ್ದರೆ ಸಾಕು ಅನ್ನುವುದು ವಾಡಿಕೆ. ಅಂದರೆ 4 ಓಮಿಗೆ 0.2. ಒಂದೂವರೆ ಸ್ಕ್ವೇರ್ ಗೆರೆ ಮೇಲೆ ನಿಂತಿದೆ, ಎರಡೂವರೆ ಆರಾಮಾಗಿ ಒಳಗಿದೆ. ಎರಡೂವರೆಯೇ ತಗೊಳ್ಳಿ. 8 ಓಮ್ ಸ್ಪೀಕರ್ ಆಗಿದ್ದರೆ ಒಂದೂವರೆ ಸಾಕು ಅನ್ನುತ್ತಿದ್ದೆ.

ಕೆಂಪು ಒಂದು, ಕಪ್ಪು ಒಂದು, ಮಲ್ಟಿಸ್ಟ್ರಾಂಡ್ ವೈರು. ವೈರಿನ ಭಾರತೀಯ ಮಾನದಂಡ ಐಎಸ್ 694 ಅಂತ ಮೈಮೇಲೆ ಅಚ್ಚು ಇರಬೇಕು. 90 ಮೀಟರ್ ಪೂರ್ತಿ ಕಾಯಿಲ್ ತಗೋಬೇಡಿ, ಬಿಡಿಯಾಗಿ ಅಳೆದು ಕೊಡುವ ಅಂಗಡಿ ಊರಲ್ಲಿ ಇದ್ದೇ ಇರುತ್ತೆ. ಎರಡೂ ವೈರಿನ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಮೆಷಿನ್ ಬಾಯಿಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿ. ಜಡೆ ಹೆಣೆದ ಹಾಗೆ ನೀಟಾಗಿ ಸುತ್ತಿಕೊಳ್ಳುತ್ತೆ. ಸುತ್ತಿದಾಗ ಉದ್ದ ಕಮ್ಮಿ ಆಗುತ್ತೆ, ಅದಕ್ಕೆ ಹತ್ತರಲ್ಲೊಂದು ಪಾಲು ಜಾಸ್ತಿ ಇಟ್ಟುಕೊಳ್ಳಿ.

ಇದಕ್ಕಿಂತ ನನಗೆ ಇಷ್ಟ ಆಗುವುದು ಬೋರ್‌ವೆಲ್ ಮೋಟರಿಗೆ ಬಿಡುವ ಮೂರು ಕೋರ್ ಫ್ಲಾಟ್ ಕೇಬಲ್. ನಮ್ಮ ಸೀಮೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋದರೆ ಕತ್ತರಿಸಿ ಉಳಿದ ತುಂಡು ಸಿಗುತ್ತೆ. ಚಪ್ಪಟೆ ಇರುವುದರಿಂದ ಚಾಪೆ ಕೆಳಗೆ, ಗೋಡೆ ಅಂಚಿಗೆ ಒತ್ತಿಕೊಂಡು ಕೂರುತ್ತೆ, ಯಾರೂ ಎಡವಲ್ಲ. ಕೆಂಪು, ಹಳದಿ, ನೀಲಿ ಮೂರು ಬಣ್ಣ ಇರುತ್ತೆ. ಕೆಂಪು ಪ್ಲಸ್, ನೀಲಿ ಮೈನಸ್ ಮಾಡಿ, ಹಳದಿಯನ್ನು ಎರಡೂ ಕಡೆ ಕತ್ತರಿಸಿ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಹಾಕಿಬಿಡಿ. ಇನ್ನೂರು ಮೀಟರ್ ಆಳದಲ್ಲಿ ನೀರೊಳಗೆ ವರ್ಷಗಟ್ಟಲೆ ಇರುವ ವೈರು ನಿಮ್ಮ ಹಾಲ್‌ನಲ್ಲಿ ಕೆಡಲ್ಲ.

ಮೋಸ ಹೋಗುವ ಜಾಗ ಒಂದಿದೆ. ಸ್ಪೀಕರ್ ವೈರ್ ಅಂತ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಥಳಥಳ ಹೊಳೆಯುವುದು ಸಿಗುತ್ತಲ್ಲ, ಅದರಲ್ಲಿ ಬಹಳಷ್ಟು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದೇ ದಪ್ಪಕ್ಕೆ ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿದರೂ ಅನುಮಾನ ಪಡಿ.

ತುದಿಯ ವಿಷಯ. ಸ್ಕ್ರೂ ಟೈಟ್ ಮಾಡುವ ಬನಾನಾ ಪ್ಲಗ್ (ತೂತಿಗೆ ತೂರಿಸುವ ಒಂಟಿ ಪಿನ್ನಿನ ಪ್ಲಗ್) ಆದರೆ ವೈರಿನ ಎಳೆಗಳಿಗೆ ಲೆಡ್ (ಸೋಲ್ಡರ್) ತುಂಬಿಸಬೇಡಿ. ಸ್ಕ್ರೂ ಒತ್ತಡಕ್ಕೆ ಲೆಡ್ ಮೆಲ್ಲಗೆ ಹರಡಿಕೊಳ್ಳುತ್ತೆ, ಆಮೇಲೆ ಸ್ಕ್ರೂ ಸಡಿಲ. ಎಳೆಗಳನ್ನು ಬರೀ ತಿರುಚಿ ಹಾಕಿ, ಅಥವಾ ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿ, ಅಂದರೆ ಟೂಲಿನಿಂದ ಒತ್ತಿಸಿ. ಇನ್ನೊಂದು ಕೈಮುಗಿದು ಹೇಳುತ್ತೇನೆ. ಸ್ಪೀಕರ್ ವೈರಿಗೆ ಮನೆ ಕರೆಂಟಿನ ಎರಡು ಪಿನ್ ಪ್ಲಗ್ ಹಾಕಬೇಡಿ. ಹಳೇ ಮೈಕ್‌ಸೆಟ್‌ನವರು ಸುಲಭಕ್ಕೆ ಸಿಗುತ್ತೆ ಅಂತ ಅದನ್ನೇ ಹಾಕುತ್ತಿದ್ದರು. ಯಾರೋ ಹುಡುಗ ಅದನ್ನು ಗೋಡೆ ಸಾಕೆಟ್ಟಿಗೆ ಸಿಕ್ಕಿಸಿದರೆ ಸ್ಪೀಕರ್ ಭಸ್ಮ. ವೈರಿನ ಇನ್ನೊಂದು ತುದಿ ಬಿಚ್ಚಿಕೊಂಡಿದ್ದು, ಅದನ್ನು ಯಾರಾದರೂ ಮುಟ್ಟಿದರೆ ಜೀವಕ್ಕೇ ಅಪಾಯ.

ಈಗ ಆರ್‌ಸಿಎ. ಒಳಗೆ ಎರಡು ಕೋರ್, ಸುತ್ತ ಶೀಲ್ಡ್ ಅನ್ನುವ ತಂತಿ ಜಾಲರಿ ಇರುವ ಮೈಕ್ ಕೇಬಲ್ ತಗೊಳ್ಳಿ, ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಜಾಲರಿ ದಟ್ಟವಾಗಿರಬೇಕು, ನಾಲ್ಕು ಎಳೆ ಸುತ್ತಿ ಶೀಲ್ಡ್ ಅನ್ನುವ ಮಾಲು ಬೇಡ. ಒಂದು ಕೋರ್ ನಡುವಿನ ಪಿನ್ನಿಗೆ, ಇನ್ನೊಂದು ಕೋರ್ ಹೊರಗಿನ ಬಳೆಗೆ. ಜಾಲರಿಯನ್ನು ಬಾಕ್ಸ್ ಕಡೆ ಮಾತ್ರ ಬಳೆಗೆ ಸೇರಿಸಿ, ಆಂಪ್ಲಿಫೈಯರ್ ಕಡೆ ಕತ್ತರಿಸಿ ಸ್ಲೀವ್ ಹಾಕಿ. ಯಾವ ಕಡೆ ಯಾವುದು ಅಂತ ಮರೆಯದ ಹಾಗೆ ಮಾರ್ಕರ್‌ನಲ್ಲಿ ಬಾಣ ಬರೆಯಿರಿ. ಪ್ಲಗ್ ನ್ಯೂಟ್ರಿಕ್‌ನವರ ರೀನ್ ಅಂತ ಬರುತ್ತೆ, ಬಹಳ ದುಬಾರಿ ಅಲ್ಲ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಳಿ. ಅದು ಬೇಡ ಅಂದರೂ ಒಳಗೆ ವೈರನ್ನು ಕಚ್ಚಿ ಹಿಡಿಯುವ ಕ್ಲಾಂಪ್ ಇರುವ ಲೋಹದ ಪ್ಲಗ್ಗೇ ಆಗಬೇಕು. ವೈರು ಎಳೆದಾಗ ಆ ಎಳೆತ ಕ್ಲಾಂಪಿಗೆ ಬೀಳಬೇಕು, ಲೆಡ್ಡಿಗೆ ಬೀಳಬಾರದು. ಮೈಕ್‌ಸೆಟ್ ಕೆಲಸದ ಅರ್ಧ ಗುಟ್ಟು ಇಷ್ಟೇ.

ಸೋಲ್ಡರ್ ಮಾಡುವ ಮೊದಲು ಪ್ಲಗ್ಗಿನ ಮುಚ್ಚಳ ಮತ್ತು ಸ್ಲೀವ್ ಎರಡನ್ನೂ ವೈರಿಗೆ ಪೋಣಿಸಿಕೊಳ್ಳಿ. 25 ವ್ಯಾಟ್ ಐರನ್ ಸಾಕು, ಸೋಲ್ಡ್ರಾನ್ ಆದರೂ ಸರಿ. ಲೆಡ್ 60/40 ಅಥವಾ 63/37. 63/37 ಆದರೆ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿ ಆಗುತ್ತೆ, ಕೈ ಅಲ್ಲಾಡಿದರೂ ಜಾಯಿಂಟ್ ಮಂಕಾಗುವುದು ಕಮ್ಮಿ. ನಲ್ಲಿ ಕೆಲಸದವರ ಆಸಿಡ್ ಪೇಸ್ಟ್ ಹತ್ತಿರವೂ ತರಬೇಡಿ, ತಾಮ್ರ ಹಸಿರು ಹಿಡಿಯುತ್ತೆ. ಪ್ಲಗ್ಗನ್ನು ಒಂದು ಹಳೇ ಆರ್‌ಸಿಎ ಸಾಕೆಟ್ಟಿಗೆ ಸಿಕ್ಕಿಸಿಕೊಂಡೇ ಸೋಲ್ಡರ್ ಮಾಡಿ. ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ನಡುವಿನ ಪಿನ್ ಸೊಟ್ಟ ಆಗಲ್ಲ. ಕಿಟಕಿ ತೆರೆದಿಡಿ. ಮುಗಿದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ, ಅದರಲ್ಲಿ ಸೀಸ ಇದೆ.

ಮಲ್ಟಿಮೀಟರಿನಲ್ಲಿ ನೋಡಿದರೆ ಪಿನ್ನಿಂದ ಪಿನ್ನಿಗೆ ಬೀಪ್ ಬರಬೇಕು, ಬಳೆಯಿಂದ ಬಳೆಗೆ ಬರಬೇಕು, ಪಿನ್ನಿಂದ ಬಳೆಗೆ ಬರಬಾರದು. ಬೀಪ್ ಬರುತ್ತಿರುವಾಗಲೇ ವೈರನ್ನು ಪ್ಲಗ್ ಬುಡದಲ್ಲಿ ಬಗ್ಗಿಸಿ ನೋಡಿ. ಅಲ್ಲಿ ಸದ್ದು ತುಂಡಾದರೆ ಮತ್ತೆ ಬಿಚ್ಚಿ. ಸ್ಪೀಕರ್ ವೈರ್ ಅದಲು ಬದಲಾಗಿದೆಯಾ ಅಂತ ನೋಡಲು ಆಂಪ್ಲಿಫೈಯರ್ ಕಡೆಯ ತುದಿಯನ್ನು ಕಳಚಿಕೊಂಡು ಗಡಿಯಾರದ 1.5 ವೋಲ್ಟ್ ಸೆಲ್ಲಿಗೆ ಒಂದು ಕ್ಷಣ ತಾಗಿಸಿ. ಪ್ಲಸ್ಸಿಗೆ ಪ್ಲಸ್ ಸರಿ ಇದ್ದರೆ ಕೋನ್ ಮುಂದಕ್ಕೆ ಬರುತ್ತೆ. ಎರಡೂ ಸ್ಪೀಕರ್ ಒಂದೇ ಕಡೆ ಚಲಿಸಬೇಕು. ಒಂದು ಮುಂದೆ ಒಂದು ಹಿಂದೆ ಹೋದರೆ ಬಾಸ್ ಮಾಯ.

ಗುಂಯ್ ಸದ್ದಿಗೆ ನಾವು ಹಮ್ಮಿಂಗ್ ಅನ್ನುತ್ತೇವೆ. ಅದಕ್ಕೆ ಕೇಬಲ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಾಕ್ಸ್ ಹಿಂದೆ ಬರುವ ಕೇಬಲ್ ಆಪರೇಟರ್ ವೈರನ್ನು ಪೂರ್ತಿ ತಿರುಗಿಸಿ ಬಿಚ್ಚಿ, ಆಂಪ್ಲಿಫೈಯರ್ ಹಾಗೇ ಆನ್ ಇರಲಿ. ಆಗ ಏನಾಗುತ್ತೆ ಹೇಳಿ, ಮುಂದಿನದು ಆಮೇಲೆ ಮಾತಾಡೋಣ.

ಹೈಫೈ ಹುಚ್ಚರೇ, ಬೇಜಾರು ಮಾಡ್ಕೋಬೇಡಿ. ತಾಮ್ರದೊಳಗೆ ಹೋಗುವಾಗ ಹಾಡೂ ಕರೆಂಟೇ. ಕರೆಂಟ್ ಹರಿಸುವುದರಲ್ಲಿ ಮಾಮೂಲಿ ವೈರಿನ ತಾಮ್ರವನ್ನು ನೂರು ಅಂತ ಇಟ್ಟುಕೊಂಡರೆ ಆಕ್ಸಿಜನ್ ಫ್ರೀ ತಾಮ್ರ ನೂರೊಂದು. ಆ ಒಂದಕ್ಕೆ ನೀವು ಎಷ್ಟು ಕೊಟ್ಟಿರಿ ಅಂತ ನಾನು ಕೇಳಲ್ಲ.

ಓಮ್ ಮೇಷ್ಟ್ರು, ಧಾರವಾಡ:

ಮೈಕ್‌ಸೆಟ್ ಅಣ್ಣಾವ್ರು ಹೇಳಿದ್ದಕ್ಕೆ ಉದ್ದದ ಲೆಕ್ಕ ಒಂದು ಸೇರಿಸುತ್ತೇನೆ. ಎರಡು ವೈರಿನ ನಡುವೆ 5 ಮೀಟರ್ ವ್ಯತ್ಯಾಸ. ವೈರಿನಲ್ಲಿ ಸಿಗ್ನಲ್ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಹೋಗುತ್ತೆ ಅಂತ ಹಿಡಿದರೂ ತಡ ಆಗುವುದು 25 ನ್ಯಾನೊ ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಸಾಗುವ ದೂರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವೂ ಇಲ್ಲ. ಸೋಫಾದಲ್ಲಿ ತಲೆ ಸ್ವಲ್ಪ ವಾಲಿಸಿದರೆ ಅದಕ್ಕಿಂತ ಸಾವಿರಾರು ಪಟ್ಟು ವ್ಯತ್ಯಾಸ ಆಗಿಹೋಗುತ್ತೆ. ಸದ್ದಿನ ಮಟ್ಟಕ್ಕೂ ಅಷ್ಟೇ. ಎರಡೂವರೆ ಸ್ಕ್ವೇರಿನಲ್ಲಿ 8 ಮೀಟರ್ ಕಡೆ 0.27 ಡೆಸಿಬೆಲ್ ನಷ್ಟ, 3 ಮೀಟರ್ ಕಡೆ 0.10. ಉಳಿದ 5 ಮೀಟರ್ ವೈರನ್ನು ಟಿವಿ ಹಿಂದೆ ಸುರುಳಿ ಸುತ್ತಿಡುವ ಅಗತ್ಯ ಖಂಡಿತ ಇಲ್ಲ.

ನೂರಕ್ಕೆ 5ರ ವಾಡಿಕೆ ಸುಮ್ನೆ ಬಂದಿದ್ದಲ್ಲ. ಮ್ಯಾಕಿಂಟಾಷ್ ಆಂಪ್ಲಿಫೈಯರ್ ಕಂಪನಿಯಲ್ಲಿ ಸ್ಪೀಕರ್ ವಿನ್ಯಾಸ ಮಾಡುತ್ತಿದ್ದ ರೋಜರ್ ರಸೆಲ್ ಅದನ್ನೇ ಆಧಾರ ಮಾಡಿಕೊಂಡು ಯಾವ ಓಮಿಗೆ ಯಾವ ವೈರು ಎಷ್ಟು ಉದ್ದದವರೆಗೆ ಅಂತ ಪಟ್ಟಿ ಕೊಟ್ಟಿದ್ದರು. ಒಂದು ಕಾರಣವೂ ಇದೆ. 4 ಓಮ್ ಅಂತ ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 4 ಓಮ್ ಇರಲ್ಲ. ಒಂದು ಕಡೆ 3ಕ್ಕೆ ಇಳಿಯಬಹುದು, ಇನ್ನೊಂದು ಕಡೆ 20ಕ್ಕೆ ಏರಬಹುದು. ವೈರಿನ ರೆಸಿಸ್ಟೆನ್ಸ್ ಜಾಸ್ತಿ ಇದ್ದರೆ ಇಳಿದ ಕಡೆ ಹೆಚ್ಚು ನಷ್ಟ, ಏರಿದ ಕಡೆ ಕಡಿಮೆ. ಹಾಡಿನ ಬಣ್ಣವೇ ಸ್ವಲ್ಪ ಬದಲಾಗುತ್ತೆ. ಹೈಫೈ ಹುಚ್ಚರು ಮೊದಲು ತೀರಾ ತೆಳು ವೈರ್ ಹಾಕಿದ್ದರೆ ಅವರಿಗೆ ಕೇಳಿಸಿದ ವ್ಯತ್ಯಾಸ ನಿಜವೇ ಇರಬಹುದು. ಆ ಪುಣ್ಯ ದಪ್ಪಕ್ಕೆ ಸೇರಬೇಕು ಅಷ್ಟೆ.

ರೆಕಾರ್ಡ್ ಪ್ಲೇಯರ್ ಇರುವವರಿಗೆ ಮಾತ್ರ ಒಂದು ಎಚ್ಚರಿಕೆ. ಸೂಜಿ ಇರುವ ಕಾರ್ಟ್ರಿಜ್ ಮೂವಿಂಗ್ ಮ್ಯಾಗ್ನೆಟ್ ಜಾತಿಯದಾದರೆ ಕೇಬಲ್ಲಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ, ಅಳತೆ ಪಿಕೊಫ್ಯಾರಡ್‌ನಲ್ಲಿ) ಲೆಕ್ಕಕ್ಕೆ ಬರುತ್ತೆ. ಆಡಿಯೊ ಟೆಕ್ನಿಕಾದ ವಿಎಂ95ಇ ಅನ್ನುವ ಕಾರ್ಟ್ರಿಜ್‌ಗೆ 100ರಿಂದ 200 ಪಿಕೊಫ್ಯಾರಡ್ ಅಂತ ಕಂಪನಿಯೇ ಹೇಳುತ್ತೆ. ಆರ್‌ಜಿ 59 ಕೇಬಲ್ ಮೀಟರಿಗೆ 67ರಷ್ಟು, ಮೈಕ್ ಕೇಬಲ್ 100ರ ಆಸುಪಾಸು. ಇದರ ಜೊತೆಗೆ ಆಂಪ್ಲಿಫೈಯರ್‌ನ ಫೋನೊ (ರೆಕಾರ್ಡ್ ಪ್ಲೇಯರ್) ಇನ್‌ಪುಟ್ಟಿನದೂ ಸೇರುತ್ತೆ. ಅಲ್ಲಿ ಕೇಬಲ್ ಒಂದು ಮೀಟರ್ ದಾಟದಿರುವುದು ಒಳ್ಳೇದು. ಟಿವಿ ಬಾಕ್ಸ್, ಮೊಬೈಲಿಗೆಲ್ಲ ಈ ತಲೆನೋವಿಲ್ಲ.

ಹೈಫೈ ಹುಚ್ಚ, ಬೆಂಗಳೂರು:

ಮೊದಲಿದ್ದದ್ದು ತೆಳು ವೈರೇ ಮೇಷ್ಟ್ರೇ. ಆದರೂ ನನ್ನ ಕೇಬಲ್ ನಾನು ಬಿಚ್ಚಲ್ಲ.

ತುಂಗೆಯ ದಡ, ಶಿವಮೊಗ್ಗ:

ಎಲ್ಲರಿಗೂ ಥ್ಯಾಂಕ್ಸ್. ಮೈಕ್‌ಸೆಟ್ ಅಣ್ಣ, ಬೋರ್‌ವೆಲ್ ಕೇಬಲ್ ಅಂದಾಗ ನಮ್ಮ ಮನೆಯವರು ನಕ್ಕರು. ಆಮೇಲೆ ಅವರೇ ತೋಟದ ಶೆಡ್‌ನಿಂದ ಎರಡೂವರೆ ಸ್ಕ್ವೇರಿನ ತುಂಡು ತಂದರು. ಬ್ಲೇಡಿನಿಂದ ಕೆರೆದೆ, ಒಳಗೂ ಕೆಂಪಗೇ ಇದೆ. ಈಗ ಎರಡು ತೊಂದರೆ. ನಮ್ಮ ಆಂಪ್ಲಿಫೈಯರ್ ಹಿಂದೆ ಬನಾನಾ ಪ್ಲಗ್ ಹಾಕುವ ಜಾಗ ಇಲ್ಲ. ಒತ್ತಿ ಹಿಡಿದು ವೈರ್ ತೂರಿಸುವ ಸ್ಪ್ರಿಂಗ್ ಕ್ಲಿಪ್ ಇದೆ, ಅದರ ತೂತಿಗೆ ಈ ವೈರು ಹೋಗುತ್ತಿಲ್ಲ. ಕೆಲವು ಎಳೆ ಕತ್ತರಿಸಿ ತೂರಿಸಲಾ? ಎರಡನೆಯದು, ಕೇಬಲ್ ಆಪರೇಟರ್ ವೈರ್ ಬಿಚ್ಚಿದ ತಕ್ಷಣ ಹಮ್ಮಿಂಗ್ ಪೂರ್ತಿ ನಿಂತಿತು. ಆದರೆ ಟಿವಿಯೂ ನಿಂತಿತು! ಪಕ್ಕದ ಮನೆಯವರು ಆಂಪ್ಲಿಫೈಯರ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಕಿತ್ತುಹಾಕಿ ಸರಿಹೋಗುತ್ತೆ ಅಂದರು.

ಹಳೇ ಪ್ಲೇಯರ್, ಕುಂದಾಪುರ:

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಹಳೇ ಆಂಪ್ಲಿಫೈಯರ್‌ನಲ್ಲಿ ಆರ್‌ಸಿಎ ಇಲ್ಲವೇ ಇಲ್ಲ. ಐದು ತೂತಿನ ದುಂಡು ಸಾಕೆಟ್ ಇದೆ, ಟೇಪ್ ಅಂತ ಬರೆದಿದೆ. ಅದಕ್ಕೆ ಮೊಬೈಲ್ ಸೇರಿಸಲು ಕೇಬಲ್ ಮಾಡಬಹುದಾ?

ಮೈಕ್‌ಸೆಟ್, ತಿಪಟೂರು:

ಮೇಡಂ, ಆ ದಪ್ಪ ಪಿನ್ ಅರ್ತ್. ಅದನ್ನು ಕಿತ್ತರೆ ಹಮ್ಮಿಂಗ್ ಹೋಗಲೂಬಹುದು. ಮುಂದೆ ಯಾವತ್ತಾದರೂ ಒಳಗೆ ಫೇಸ್ ವೈರು ಡಬ್ಬಕ್ಕೆ ತಾಗಿದರೆ 230 ವೋಲ್ಟ್ ನಿಮ್ಮ ವಾಲ್ಯೂಮ್ ತಿರುಪಿನಲ್ಲಿ ಕೂತಿರುತ್ತೆ. ಪಕ್ಕದ ಮನೆಯವರಿಗೆ ಕಾಫಿ ಕೊಟ್ಟು ಕಳಿಸಿ, ಪಿನ್ ಮುಟ್ಟಬೇಡಿ.

ನಿಮ್ಮದು ಗ್ರೌಂಡ್ ಲೂಪ್. ಆಪರೇಟರ್ ವೈರಿನ ಜಾಲರಿ ಬೀದಿಯಲ್ಲಿ ಎಲ್ಲೋ ಒಂದು ಕಡೆ ಅರ್ತ್ ಆಗಿರುತ್ತೆ, ನಿಮ್ಮ ಆಂಪ್ಲಿಫೈಯರ್ ಮನೆ ಅರ್ತಿನಲ್ಲಿದೆ. ಎರಡಕ್ಕೂ ಒಂದಿಷ್ಟು ವೋಲ್ಟ್ ವ್ಯತ್ಯಾಸ ಇದ್ದರೆ ಆರ್‌ಸಿಎ ಬಳೆಯ ಮೂಲಕ 50 ಹರ್ಟ್ಸ್ ಕರೆಂಟ್ ಹರಿಯುತ್ತೆ. ಬಂಗಾರದ ಕೇಬಲ್ ಹಾಕಿದರೂ ಹರಿಯುತ್ತೆ. ಮೊಬೈಲ್ ಯಾವ ಅರ್ತಿಗೂ ಸೇರಿಲ್ಲ, ಅದಕ್ಕೇ ಅದರಲ್ಲಿ ಸದ್ದಿಲ್ಲ. ಬಾಕ್ಸ್‌ನಲ್ಲಿ ಅಥವಾ ಟಿವಿಯಲ್ಲಿ ಆಪ್ಟಿಕಲ್ ಔಟ್ ಇದೆಯಾ ನೋಡಿ. ಇದ್ದರೆ ಆಪ್ಟಿಕಲ್‌ನಿಂದ ಆರ್‌ಸಿಎ ಮಾಡಿಕೊಡುವ ಸಣ್ಣ ಡಬ್ಬಿ ಸಿಗುತ್ತೆ. ನಡುವೆ ಬೆಳಕು ಮಾತ್ರ ಹೋಗುತ್ತೆ, ತಾಮ್ರದ ಸಂಪರ್ಕವೇ ಇರಲ್ಲ. ಇಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕಾರ್ ಸ್ಟೀರಿಯೊ ಅಂಗಡಿಯಲ್ಲಿ ಕೇಳಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ. ತೀರಾ ಅಗ್ಗದ್ದು ಬಾಸ್ ತಿಂದುಹಾಕುತ್ತೆ, ಆದರೆ ಸುದ್ದಿ ಸೀರಿಯಲ್‌ಗೆ ಸಾಕಲ್ವಾ? ಹಾಡು ಹೇಗೂ ಮೊಬೈಲಿಂದ ಹಾಕ್ತೀರಿ.

ಎಳೆ ಕತ್ತರಿಸಬೇಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪಿನ್ ಲಗ್ ಅಂತ ಕೇಳಿ. ಹಿಂದೆ ಎರಡೂವರೆ ಸ್ಕ್ವೇರ್ ವೈರ್ ಕೂರುತ್ತೆ, ಮುಂದೆ ತೆಳು ಕಡ್ಡಿ ಇರುತ್ತೆ. ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ, ಕಟಿಂಗ್ ಪ್ಲೇಯರ್‌ನಿಂದ ಜಜ್ಜಿದರೆ ಆಮೇಲೆ ಜಾರಿ ಬರುತ್ತೆ. ಕಡ್ಡಿಯ ಬುಡದವರೆಗೂ ಸ್ಲೀವ್ ಹಾಕಿ. ಆ ಕ್ಲಿಪ್ಪುಗಳು ಒಂದಕ್ಕೊಂದು ಹತ್ತಿರ ಇರುತ್ತವೆ. ಕೆಂಪು ಕಪ್ಪು ತಾಗಿದರೆ ಹಳೇ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತೆ, ಅದಕ್ಕೆ ಸರಿಯಾದ ಜೋಡಿ ಹುಡುಕುವುದು ಈಗ ಕಷ್ಟ. ವೈರು ಹಾಕುವಾಗ, ತೆಗೆಯುವಾಗ ಸ್ವಿಚ್ ಆಫ್ ಇರಲಿ. ಆರ್‌ಸಿಎಗೂ ಅದೇ ಮಾತು. ಅದರಲ್ಲಿ ಬಳೆಗಿಂತ ಮೊದಲು ಪಿನ್ ತಾಗುತ್ತೆ, ಆನ್ ಇದ್ದಾಗ ಸಿಕ್ಕಿಸಿದರೆ ಧಡ್ ಅಂತ ಸ್ಪೀಕರ್ ಒದೆಯುತ್ತೆ.

ಕುಂದಾಪುರದವರೇ, ಅದು ಡಿನ್ ಸಾಕೆಟ್. ಐದು ಪಿನ್ ಅರ್ಧ ಚಂದ್ರದ ಹಾಗೆ ಇದ್ದರೆ ನಂಬರುಗಳು ಸಾಲಾಗಿ ಇರಲ್ಲ. ಒಂದು ತುದಿಯಿಂದ 1, 4, 2, 5, 3 ಅಂತ ಬರುತ್ತೆ. ಪ್ಲಗ್ಗಿನೊಳಗೆ ಪಿನ್ ಪಕ್ಕದಲ್ಲೇ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ, ಭೂತಗನ್ನಡಿ ಹಿಡಿದು ಓದಿ. ಟೇಪ್ ಸಾಕೆಟ್ಟಿನಲ್ಲಿ ಪ್ಲೇ ಮಾಡಲು 3 ಎಡ, 5 ಬಲ, 2 ಗ್ರೌಂಡ್. 1 ಮತ್ತು 4 ರೆಕಾರ್ಡಿಂಗಿಗೆ, ಅವನ್ನು ಖಾಲಿ ಬಿಡಿ. ಹಾಕಿದ ಮೇಲೆ ಸದ್ದೇ ಬರದಿದ್ದರೆ ಆಂಪ್ಲಿಫೈಯರ್ ಮುಂದೆ ಟೇಪ್ ಅನ್ನುವ ಗುಂಡಿ ಒತ್ತಿದ್ದೀರಾ ಅಂತ ಮೊದಲು ನೋಡಿ. ಸ್ಪೀಕರ್‌ಗೂ ಡಿನ್ ಇದ್ದರೆ ಒಂದು ಪಿನ್ ದುಂಡು, ಒಂದು ಚಪ್ಪಟೆ ಇರುತ್ತೆ. ದುಂಡಗಿರುವುದು ಪ್ಲಸ್.

ನಾಳೆಯಿಂದ ಅರಸೀಕೆರೆ ಕಡೆ ಒಂದು ಮದುವೆಗೆ ಹೋಗುತ್ತಿದ್ದೇನೆ. ಫೋಟೊ ಹಾಕಿಡಿ, ಜಾಯಿಂಟ್ ಹೇಗಾಗಿದೆ ಅಂತ ಬಂದು ನೋಡುತ್ತೇನೆ.